ಬ್ರಿಟಿಷ್ ಚುನಾವಣಾ ವ್ಯಾಕರಣ: ಸಂಧಿಪ್ರಕರಣಂ

ಬ್ರಿಟನ್ನಿನಲ್ಲಿ ಚುನಾವಣೆ ಬಂದಾಗ ಪಕ್ಷ, ಪತ್ರಿಕೆ, ಸಮೀಕ್ಷಕ ಈ ಮೂವರೂ ಆಡುವುದು ಇಂಗ್ಲಿಷೆಂದು ಲೋಕ ನಂಬಿದೆ. ಅದು ಭ್ರಮೆ. ಹೈಸ್ಕೂಲಿನಲ್ಲಿ ಬೆತ್ತದ ಭಯಕ್ಕೆ ನಾವು ಉರುಹೊಡೆದ ಲೋಪ, ಆಗಮ, ಆದೇಶ ಸಂಧಿಗಳೇ ಆ ಭಾಷೆಯನ್ನೂ ಆಳುತ್ತಿವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಮೊದಲು ಲೋಪ. ಸ್ವರದ ಮುಂದೆ ಸ್ವರ ಬಂದರೆ ಹಿಂದಿನದು ಬಿದ್ದುಹೋಗುತ್ತದೆ. ಮತದಾರನ ಸ್ವರದ ಮುಂದೆ ಸಮೀಕ್ಷಕನ ಸ್ವರ ಬಂದು ನಿಂತಾಗ ಆಗುವುದೂ ಅದೇ. 1992ರ ಏಪ್ರಿಲ್‌ನಲ್ಲಿ ಕೊನೆಯ ಸಮೀಕ್ಷೆಗಳ ಸರಾಸರಿಯಲ್ಲಿ ಲೇಬರ್ ಪಕ್ಷ ಕೂದಲೆಳೆಯಷ್ಟು ಮುಂದಿತ್ತು. ಎಣಿಸಿ ನೋಡಿದರೆ ಜಾನ್ ಮೇಜರ್ ಅವರ ಕನ್ಸರ್ವೇಟಿವರು ಶೇ 7ಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದಿದ್ದರು. ಲೋಪವಾದ ಅಕ್ಷರಕ್ಕೆ ಪಂಡಿತರು ‘ನಾಚುವ ಟೋರಿ’ (ಟೋರಿ ಎಂದರೆ ಕನ್ಸರ್ವೇಟಿವ್) ಎಂದು ಹೆಸರಿಟ್ಟರು: ಮತ ಹಾಕುತ್ತಾನೆ, ಬಾಯಿ ಬಿಡುವುದಿಲ್ಲ. 2015ರಲ್ಲಿ ಮತ್ತೆ ಲೋಪ. ಸಮಬಲ ಎಂದ ಕಡೆ ಕನ್ಸರ್ವೇಟಿವರಿಗೆ ಶೇ 6ಕ್ಕೂ ಮೀರಿದ ಮುನ್ನಡೆ. ಈ ಸಲ ವಿಚಾರಣೆ ನಡೆಸಿದವರು ನಾಚಿಕೆಯ ವಾದವನ್ನು ಒಪ್ಪಲಿಲ್ಲ. ಆರಿಸಿಕೊಂಡ ಜನರ ಗುಂಪೇ ದೇಶದ ಹಾಗಿರಲಿಲ್ಲ ಎಂದರು. ಅಂದರೆ ಟೋರಿ ನಾಚಿರಲಿಲ್ಲ. ಅವನನ್ನು ಯಾರೂ ಸರಿಯಾಗಿ ಮಾತಾಡಿಸಿಯೇ ಇರಲಿಲ್ಲ.

ಆಗಮವೆಂದರೆ ಎರಡು ಸ್ವರಗಳ ನಡುವೆ ಹೊಸ ಅಕ್ಷರ ಬಂದು ಸೇರುವುದು. ಅದಕ್ಕೆ ಶಾಸನಾಧಾರವೇ ಉಂಟು. ಅದೇ ವರ್ಷ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಮತದಾರನಿಗೂ ತನಗೂ ನಡುವೆ ಎಂಟೂವರೆ ಅಡಿಯ ಕಲ್ಲೊಂದನ್ನು ತಂದು ನಿಲ್ಲಿಸಿದರು. ಅದರಲ್ಲಿ ಆರು ಭರವಸೆಗಳನ್ನು ಕೆತ್ತಿಸಿದ್ದರು. ನಮ್ಮ ರಾಜರು ದಾನ ಕೊಟ್ಟು ಶಾಸನ ಬರೆಸುತ್ತಿದ್ದರು. ಇವರು ಪಟ್ಟವೇರುವ ಮೊದಲೇ ಬರೆಸಿದರು. ಸೋತ ಮೇಲೆ ಕಲ್ಲು ಮಾಯ, ಪತ್ರಿಕೆಗಳು ಹುಡುಕಿ ಅಲೆದವು. ಅದರ ಖರ್ಚು 7,614 ಪೌಂಡ್ ಲೆಕ್ಕಪತ್ರದಿಂದಲೂ ಮಾಯವಾಗಿತ್ತು. ಇಂಥ ಬಿಟ್ಟುಹೋದ ಲೆಕ್ಕಗಳಿಗಾಗಿ ಚುನಾವಣಾ ಆಯೋಗ 2016ರಲ್ಲಿ ಪಕ್ಷಕ್ಕೆ 20,000 ಪೌಂಡ್ ದಂಡ ಹಾಕಿತು. ಆಗಮವೇ ಲೋಪವಾಗುವ ಈ ರೂಪ ಹಳಗನ್ನಡದ ವೈಯಾಕರಣ ಕೇಶಿರಾಜನಿಗೂ ಹೊಳೆದಿರಲಿಕ್ಕಿಲ್ಲ.

ಆದೇಶ ಸುಲಭ, ಒಂದು ಅಕ್ಷರದ ಜಾಗಕ್ಕೆ ಇನ್ನೊಂದು: ಮಳೆ + ಕಾಲ = ಮಳೆಗಾಲ. 2024ರ ಮೇ 22ರಂದು ಬೆಂಗಳೂರಿನ ಅಳಿಯ, ಅಂದಿನ ಪ್ರಧಾನಿ ರಿಷಿ ಸುನಕ್ ಡೌನಿಂಗ್ ಸ್ಟ್ರೀಟಿನಲ್ಲಿ ಕೊಡೆಯಿಲ್ಲದೆ ನೆನೆಯುತ್ತ ಚುನಾವಣೆ ಘೋಷಿಸಿದರು. (ಅತ್ತೆ ಮನೆಯಿಂದ ಒಂದು ಕೊಡೆ ಬರಬಾರದಿತ್ತೆ?) ಗೇಟಿನಾಚೆ ಯಾರೋ ಲೇಬರ್‌ನ 1997ರ ಪ್ರಚಾರಗೀತೆಯನ್ನು ಜೋರಾಗಿ ಹಾಕಿದ್ದರು. ಭಾಷಣದ ಜಾಗಕ್ಕೆ ತೊಯ್ದ ಕೋಟು ಆದೇಶವಾಗಿ ಬಂತು.

ಸಂಧಿಯೇ ಆಗದ ಪ್ರಕೃತಿಭಾವವೂ ಇದೆ. ಮತದಾನದ ದಿನ ರಾತ್ರಿ 10 ಗಂಟೆಯವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವಂತಿಲ್ಲ. ಟಿವಿ, ರೇಡಿಯೊಗಳು ಚರ್ಚೆಯನ್ನೇ ನಿಲ್ಲಿಸುತ್ತವೆ. ಅಂದು ಎಲ್ಲೆಲ್ಲೂ ಮತಗಟ್ಟೆಯ ಬಾಗಿಲಲ್ಲಿ ಕಾದು ಕೂತ ನಾಯಿಗಳ ಫೋಟೊ. ಹತ್ತು ಹೊಡೆದೊಡನೆ ಉದ್ಗಾರಗಳು. 2015ರಲ್ಲಿ, ಹಿಂದಿನ ಸಲ 57 ಸ್ಥಾನ ಪಡೆದಿದ್ದ ಲಿಬರಲ್ ಡೆಮಾಕ್ರಟರಿಗೆ ಈಗ 10 ಎಂಬ ಸಮೀಕ್ಷೆಯನ್ನು ಕೇಳಿ ಆ ಪಕ್ಷದ ಮಾಜಿ ನಾಯಕ ಪ್ಯಾಡಿ ಆಶ್‌ಡೌನ್, ಇದು ನಿಜವಾದರೆ ನನ್ನ ಟೋಪಿ ತಿನ್ನುತ್ತೇನೆ ಎಂದುಬಿಟ್ಟರು. ಟೋಪಿ ಹಾಕುವ ರಾಜಕಾರಣಿಗಳನ್ನಷ್ಟೇ ಬಲ್ಲ ಕನ್ನಡ ವೈಯಾಕರಣನಿಗೆ ಇದು ಹೊಸ ಪ್ರಯೋಗ. ಸಿಕ್ಕಿದ್ದು 8. ಸಮೀಕ್ಷೆ ತಪ್ಪಿತು, ಆದ್ದರಿಂದ ಟೋಪಿ ಉಳಿಯಿತು ಎಂಬುದು ಪೂರ್ವಪಕ್ಷ. ಸಿದ್ಧಾಂತಪಕ್ಷದವರು ಇನ್ನೂ ಟೋಪಿಯ ಅಳತೆ ತೆಗೆಯುತ್ತಿದ್ದಾರೆ.