ಗಿಗಾಹರ್ಟ್ಸಿಗೆ ಕೊಸರು

ಓವರ್‌ಕ್ಲಾಕಿಗನೆಂದರೆ ಕಂಪ್ಯೂಟರಿನ ಪ್ರೊಸೆಸರನ್ನು ಕೊಸರು ಕೇಳುವವನು. ಎರಡು ಮೊಳ ಮಲ್ಲಿಗೆ ಕೊಂಡ ಗೃಹಿಣಿ ಮೇಲೊಂದು ಗೇಣು ಬಿಡಿಸಿಕೊಳ್ಳದೆ ಹೂವಿನ ಬುಟ್ಟಿಯ ಮುಂದಿನಿಂದ ಏಳುವುದಿಲ್ಲ. ಇವನೂ ಹಾಗೆಯೇ, ಪೆಟ್ಟಿಗೆಯ ಮೇಲೆ 3.3 ಗಿಗಾಹರ್ಟ್ಸ್ ಎಂದು ಅಚ್ಚಾದ ಪ್ರೊಸೆಸರನ್ನು 4.5ಕ್ಕೆ ಓಡಿಸದೆ ಮಲಗುವುದಿಲ್ಲ. ವ್ಯತ್ಯಾಸ ಇಷ್ಟೇ: ಗೃಹಿಣಿ ಕೊಸರಿನ ಹೂವನ್ನು ಮುಡಿಯುತ್ತಾಳೆ.

ಈ ವರ್ಗದವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವರು. ಮೂವತ್ತೈದು ದಾಟಿದ ಮೇಲೂ ಉಳಿದುಕೊಂಡವರುಂಟು. ಅವರ ಚಟುವಟಿಕೆ ಮಕ್ಕಳು ಮಲಗಿದ ಮೇಲೆ. ಬೆಂಗಳೂರಿನ ತಳಿ ಶನಿವಾರ ಮಧ್ಯಾಹ್ನ ಸದರ್ ಪತ್ರಪ್ಪ ರಸ್ತೆಯಲ್ಲಿ, ಎಂದರೆ ಎಸ್.ಪಿ. ರೋಡಿನಲ್ಲಿ, ಕಾಣಸಿಗುತ್ತದೆ. ಉಳಿದ ಗಿರಾಕಿಗಳು ಬೆಲೆ ವಿಚಾರಿಸುವಾಗ ಇವನು, "ಮಲ್ಟಿಪ್ಲೈಯರ್ ಓಪನ್ ಇದೆಯಾ?" ಎಂದು ಕೇಳುತ್ತಾನೆ. "ಎಲ್ಲಾ ಓಪನ್ ಸಾರ್, ಭಾನುವಾರ ಒಂದಿನ ರಜ" ಎಂಬ ಉತ್ತರ ಬರುತ್ತದೆ.

ಪ್ರತಿಯೊಂದು ಕುಲಕ್ಕೂ ಒಂದು ಪುರಾಣವಿರುವಂತೆ ಇವರದು ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಚಿಪ್ಪಿನಿಂದ ಆರಂಭವಾಗುತ್ತದೆ. 1998ರಲ್ಲಿ ಬಂದ ಈ ಅಗ್ಗದ ಚಿಪ್ 66 ಮೆಗಾಹರ್ಟ್ಸಿನ ಬಸ್ಸನ್ನು, ಎಂದರೆ ಬೋರ್ಡಿನ ಮೂಲ ತಾಳವನ್ನು, ನಾಲ್ಕೂವರೆಯಿಂದ ಗುಣಿಸಿ 300 ಆಗುತ್ತಿತ್ತು. ಮದರ್‌ಬೋರ್ಡಿನಲ್ಲಿ ಬಸ್ಸಿನ ವೇಗವನ್ನು 100ಕ್ಕೆ ಏರಿಸಿದರೆ ಅದೇ ಚಿಪ್ 450ರಲ್ಲಿ, ಬಹುಪಾಲು ಯಾವ ತಕರಾರೂ ಇಲ್ಲದೆ, ಓಡುತ್ತಿತ್ತು; ದುಬಾರಿ ಪೆಂಟಿಯಂ 2ರ ಪಕ್ಕದಲ್ಲಿ ಕೂರಿಸಿದರೂ ತಲೆ ತಗ್ಗಿಸುತ್ತಿರಲಿಲ್ಲ. ಬಡವರ ಮನೆಯ ಹುಡುಗ ರ‍್ಯಾಂಕ್ ಬಂದ ಸಂಭ್ರಮ ಅದು. ಎರಡನೆಯ ಸುವರ್ಣಯುಗ 2011ರ ಜನವರಿಯಲ್ಲಿ ಬಂದ ಐ5-2500ಕೆಯದು. ಹೆಸರಿನ ಕೊನೆಯ 'ಕೆ'ಗೆ ಮಲ್ಟಿಪ್ಲೈಯರಿಗೆ, ಎಂದರೆ ಗುಣಿಸುವ ಸಂಖ್ಯೆಗೆ, ಬೀಗ ಹಾಕಿಲ್ಲ ಎಂದರ್ಥ. ಆದರೆ ಬೋರ್ಡೂ ಒಪ್ಪಬೇಕು. ಪಿ67 ಬೋರ್ಡಿನಲ್ಲಿ ಬಾಗಿಲು ತೆರೆಯುತ್ತದೆ. ಎಚ್61 ಎಂಬ ಅಗ್ಗದ ಬೋರ್ಡಿನಲ್ಲಿ ತೆರೆಯುವುದಿಲ್ಲ. ಐನೂರು ಸಾವಿರ ಉಳಿಸಲು ಹೋಗಿ ಎಚ್61 ತಂದವನನ್ನು ಈ ಕುಲದವರು ಸೂತಕದವರಂತೆ ನೋಡುತ್ತಿದ್ದರು.

ವಿದ್ಯೆಯಾಗಿ ನೋಡಿದರೆ ಓವರ್‌ಕ್ಲಾಕಿಂಗಿಗೆ ಮಗ್ಗಿ ಬಂದರೆ ಸಾಕು. 2500ಕೆಯಲ್ಲಿ ಮೂಲ ಗಡಿಯಾರ 100 ಮೆಗಾಹರ್ಟ್ಸ್. ಅದನ್ನು 33ರಿಂದ ಗುಣಿಸಿದರೆ 3.3 ಗಿಗಾಹರ್ಟ್ಸ್, 45ರಿಂದ ಗುಣಿಸಿದರೆ 4.5. ಸೆಲೆರಾನಿನ ಕಾಲದಂತೆ ಇಲ್ಲಿ ಮೂಲ ಗಡಿಯಾರವನ್ನೇ ಮುಟ್ಟುವುದು ಅವಿವೇಕ. ಹಾರ್ಡ್ ಡಿಸ್ಕಿನ ದಾರಿಯೂ ಗ್ರಾಫಿಕ್ಸ್ ಕಾರ್ಡಿನ ದಾರಿಯೂ ಅದರದೇ ತಾಳಕ್ಕೆ ಹೆಜ್ಜೆ ಹಾಕುವುದರಿಂದ ಐದಾರು ಮೆಗಾಹರ್ಟ್ಸ್ ಏರಿಸಿದರೂ ಮನೆಮಂದಿಯೆಲ್ಲ ಮುಗ್ಗರಿಸುತ್ತಾರೆ. ಕೊಸರು ಸಿಗಲು ಕಾರಣ ಕಾರ್ಖಾನೆಯ ಎಚ್ಚರಿಕೆ. ತಂಡದಲ್ಲಿ ತೀರ ಬಡಕಲಾದ ಚಿಪ್ಪೂ, ಸೆಕೆಗಾಲದಲ್ಲಿ ದೂಳು ಹಿಡಿದ ಪೆಟ್ಟಿಗೆಯೊಳಗೆ ಕುಳಿತೂ, ವರ್ಷಗಟ್ಟಲೆ ಓಡಬಲ್ಲ ವೇಗವನ್ನೇ ಕಾರ್ಖಾನೆ ಎಲ್ಲಕ್ಕೂ ಬರೆಯುತ್ತದೆ. ಹಾಗಾಗಿ ಗಟ್ಟಿ ಚಿಪ್ಪಿನಲ್ಲಿ ಬೇಕಾದಷ್ಟು ಉಸಿರು ಉಳಿದಿರುತ್ತದೆ. ಯಾವುದರಲ್ಲಿ ಎಷ್ಟು ಎಂಬುದು ಹಣೆಬರಹ. ಪಕ್ಕದ ಬೀದಿಯ ಗೆಳೆಯನ ಚಿಪ್ಪು 4.7 ಮುಟ್ಟಿ ತನ್ನದು 4.4ರಲ್ಲೇ ಏದುಸಿರು ಬಿಟ್ಟರೆ ಓವರ್‌ಕ್ಲಾಕಿಗ ವಾರವಿಡೀ ಅವನೊಂದಿಗೆ ಬೈಟು ಕಾಫಿ ಕುಡಿಯುವುದಿಲ್ಲ.

ಹೆಚ್ಚು ವೇಗಕ್ಕೆ ಹೆಚ್ಚು ವೋಲ್ಟೇಜು ಬೇಕು, ಅಪಾಯ ಅಲ್ಲಿಂದಲೇ ಶುರು. ಚಿಪ್ಪು ನುಂಗುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 3.3ರಿಂದ 4.5ಕ್ಕೂ, 1.2 ವೋಲ್ಟಿನಿಂದ 1.3ಕ್ಕೂ ಹೋದರೆ ಕೆಲಸ ಹೆಚ್ಚುವುದು ಮೂರನೆಯ ಒಂದು ಪಾಲು, ಶಾಖ ಹೆಚ್ಚುವುದು ಸುಮಾರು ಶೇಕಡ 60. ಇದನ್ನು ಹೊರಹಾಕಲು ಪ್ರೊಸೆಸರಿನ ಜೊತೆ ಬಂದ ಪುಟ್ಟ ಫ್ಯಾನು ಸಾಲದು. ಇಟ್ಟಿಗೆಯಷ್ಟು ದಪ್ಪದ ಕೂಲರ್ ಬರುತ್ತದೆ, ಅದರ ಹಿಂದೆ ಒಳ್ಳೆಯ ಎಸ್‌ಎಂಪಿಎಸ್ ಬರುತ್ತದೆ, ಅದು ಹಿಡಿಯುವಂಥ ಕ್ಯಾಬಿನೆಟ್ ಬರುತ್ತದೆ. ಪುಕ್ಕಟೆ ಕೊಸರಿಗಾಗಿ ಇಷ್ಟೊಂದು ಖರ್ಚೇ ಎಂದು ಕೇಳಬಾರದು. ಆ ದುಡ್ಡಿಗೆ ಮೊದಲೇ ಇನ್ನೂ ಒಳ್ಳೆಯ ಪ್ರೊಸೆಸರ್ ಬರುತ್ತಿತ್ತು ಎಂದಂತೂ ಹೇಳಲೇಬಾರದು.

ಕೂಲರಿಗೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟು ಇವರಲ್ಲಿ ಮತಭೇದದ ವಿಷಯ. ಬಟಾಣಿ ಕಾಳಿನಷ್ಟು ನಡುವೆ ಇಡಬೇಕೆನ್ನುವವರು ಒಂದು ಪಂಗಡ, ಗೆರೆ ಎಳೆಯಬೇಕೆನ್ನುವವರು ಇನ್ನೊಂದು, ದೋಸೆಗೆ ಬೆಣ್ಣೆ ಸವರಿದಂತೆ ತೆಳ್ಳಗೆ ಹರಡಬೇಕೆನ್ನುವವರು ಮೂರನೆಯದು. ಸರಿಯಾಗಿ ಒತ್ತಿ ಕೂರಿಸಿದರೆ ಮೂರರ ನಡುವೆ ಒಂದೆರಡು ಡಿಗ್ರಿಯ ವ್ಯತ್ಯಾಸವೂ ಕಷ್ಟದಿಂದ ಕಾಣುತ್ತದೆ, ಆದರೆ ವಾದ ಬೆಳಗಿನ ಜಾವದವರೆಗೆ ನಡೆಯುತ್ತದೆ.

ಹುಂಬ ಓವರ್‌ಕ್ಲಾಕಿಗ ಮೊದಲ ದಿನವೇ 45 ಎಂದು ಬರೆದು, ವೋಲ್ಟೇಜನ್ನು ಬೋರ್ಡಿನ ಇಷ್ಟಕ್ಕೆ ಬಿಡುತ್ತಾನೆ. ಬೋರ್ಡು ಕೈ ಸಡಿಲಿನ ಅಡುಗೆಯವನಂತೆ, ಬೇಕಾದದ್ದಕ್ಕಿಂತ ಹೆಚ್ಚೇ ಸುರಿಯುತ್ತದೆ. ಪಳಗಿದವನ ಕ್ರಮ ಬೇರೆ. ಅವನು ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾನೆ: 100 ಮೆಗಾಹರ್ಟ್ಸ್ ಏರಿಸು, ಪರೀಕ್ಷೆ ಮಾಡು, ನಿಂತರೆ ಮತ್ತೆ ಏರಿಸು, ನೀಲಿ ಪರದೆ ಬಂದರೆ ವೋಲ್ಟೇಜಿಗೆ 0.01 ಸೇರಿಸು, ಮತ್ತೆ ಪರೀಕ್ಷೆ. ಇವೆಲ್ಲವೂ ಹಳೆಯ ಕಾಲೇಜು ನೋಟ್‌ಬುಕ್ಕಿನಲ್ಲಿ ದಾಖಲಾಗುತ್ತವೆ. ಕಾಲೇಜಿನ ಕಾಲದಲ್ಲಿ ಅದರಲ್ಲಿ ಇಷ್ಟು ಬರೆದಿರಲಿಲ್ಲ. ಎಷ್ಟೇ ದುಡಿಸಿದರೂ ಶಾಖ 80 ಡಿಗ್ರಿ ದಾಟಬಾರದು, 2500ಕೆಯಂಥ ಚಿಪ್ಪಿಗೆ ವೋಲ್ಟೇಜು 1.35ರ ಒಳಗಿರಬೇಕು ಎಂಬ ಎರಡು ಗೆರೆಗಳನ್ನು ಅವನು ಮೊದಲ ಪುಟದಲ್ಲೇ ಬರೆದು, ಅಡಿಗೆರೆ ಎಳೆದಿರುತ್ತಾನೆ. ಶಾಖ ಮಿತಿ ಮೀರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಂಡು ಪ್ರಾಣ ಉಳಿಸಿಕೊಳ್ಳುತ್ತದೆ. ಅತಿಯಾದ ವೋಲ್ಟೇಜು ಮಾತ್ರ ಒಳಗಿನ ನವಿರು ತಂತಿಗಳನ್ನು ಸದ್ದಿಲ್ಲದೆ ಸವೆಸುತ್ತದೆ, ವಾರಂಟಿಯೂ ಆಗ ಕೈಗೆ ಬರುವುದಿಲ್ಲ.

ಪರೀಕ್ಷೆಗೆ ಬಳಸುವುದು ಪ್ರೈಮ್95, ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಹುಟ್ಟಿದ ತಂತ್ರಾಂಶ. ಎಸ್ಸೆಸ್ಸೆಲ್ಸಿಯ ಗಣಿತವನ್ನು ಗ್ರೇಸ್ ಮಾರ್ಕಿನಲ್ಲಿ ದಾಟಿದವನ ಕೋಣೆಯಲ್ಲಿ ರಾತ್ರಿಯಿಡೀ ಅವಿಭಾಜ್ಯ ಸಂಖ್ಯೆಗಳ ಶೋಧ ನಡೆಯುತ್ತದೆ. ಎಂಟು ಗಂಟೆ ತಪ್ಪಿಲ್ಲದೆ ಓಡಿದರೆ ಮಾತ್ರ ಪಾಸು. ಕೆಳಗಿನಿಂದ ತಾಯಿ, "ಊಟಕ್ಕೆ ಬಾರೋ, ಸಾರು ಆರಿಹೋಯ್ತು" ಎನ್ನುತ್ತಾರೆ. "ಆರೋದು ಒಳ್ಳೇದೇ ಅಮ್ಮಾ" ಎಂದು ಅವನು ತಾಪಮಾನ ನೋಡುತ್ತಲೇ ಉತ್ತರ ಕೊಡುತ್ತಾನೆ. ಏಳನೆಯ ಗಂಟೆಯಲ್ಲಿ ಕರೆಂಟು ಹೋಗುತ್ತದೆ.

ಕಂಪ್ಯೂಟರ್ ಏಳಲೇ ಇಲ್ಲವೆಂದರೂ ಪಳಗಿದವನು ಗಾಬರಿಯಾಗುವುದಿಲ್ಲ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಬಯಾಸ್ ಅವನು ಮಾಡಿದ ಬದಲಾವಣೆಗಳನ್ನೆಲ್ಲ ಮರೆತು ಮೊದಲಿನಂತಾಗುತ್ತದೆ. ಮನೆಯವರ ವಿಷಯದಲ್ಲಿ ಇಂಥ ಬ್ಯಾಟರಿ ಇಲ್ಲ.

ಋತುಮಾನವೂ ಮುಖ್ಯ. ಕೂಲರ್ ಎಷ್ಟೇ ದೊಡ್ಡದಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ಪೂ ಸುಮಾರು ಅಷ್ಟೇ ಬಿಸಿಯಾಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಗೆದ್ದ ವೇಗ ಕಲಬುರಗಿಯ ಮೇ ತಿಂಗಳಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ತಿಳಿದವರು ಬೇಸಿಗೆಯಲ್ಲಿ ಪರೀಕ್ಷಿಸುತ್ತಾರೆ, ಜಂಬ ಕೊಚ್ಚುವವರು ಚಳಿಗಾಲದಲ್ಲಿ.

ಇನ್ನು ಆಟ. ಇಷ್ಟೆಲ್ಲ ನಡೆದದ್ದು ಆಟಕ್ಕಾಗಿ ಎಂಬುದನ್ನು ಓವರ್‌ಕ್ಲಾಕಿಗನಿಗೆ ಯಾರಾದರೂ ನೆನಪಿಸಬೇಕಾಗುತ್ತದೆ. ಕೌಂಟರ್ ಸ್ಟ್ರೈಕ್‌ನಂಥ ಆಟಗಳಲ್ಲಿ ಪ್ರೊಸೆಸರಿನ ವೇಗದಿಂದ ನಿಜವಾದ ಲಾಭವಿದೆ. ಚಿತ್ರದ ವೈಭವವೇ ಪ್ರಧಾನವಾದ ಆಟಗಳಲ್ಲಿ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಹೆಗಲಿಗೆ ಬೀಳುವುದರಿಂದ ಪ್ರೊಸೆಸರ್ ಅತ್ತೆಮನೆಗೆ ಬಂದ ಅಳಿಯನಂತೆ ಕಾದು ಕುಳಿತಿರುತ್ತದೆ. ಸೆಕೆಂಡಿಗೆ 140 ಚಿತ್ರಗಳು ಸಿದ್ಧವಾದರೂ 60 ಹರ್ಟ್ಸಿನ ಮಾನಿಟರ್ ತೋರಿಸುವುದು 60ನ್ನೇ. ಓವರ್‌ಕ್ಲಾಕಿಗ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನ ಕಣ್ಣು ಪರದೆಯ ಮೂಲೆಯಲ್ಲಿ ಓಡುವ ಅಂಕಿಗಳ ಮೇಲೆ. ನಡುವೆ ಶತ್ರು ಬಂದು ಗುಂಡಿಕ್ಕಿ ಹೋಗಿರುತ್ತಾನೆ.

ಈಚಿನ ವರ್ಷಗಳಲ್ಲಿ ಈ ಕುಲಕ್ಕೆ ಬರಗಾಲ. ಹೊಸ ಪ್ರೊಸೆಸರುಗಳು ಶಾಖಕ್ಕೂ ವಿದ್ಯುತ್ತಿಗೂ ಎಡೆಯಿದ್ದಷ್ಟೂ ತಾವೇ ವೇಗ ಏರಿಸಿಕೊಳ್ಳುತ್ತವೆ. ಅಂಗಡಿಯವನೇ ಕೊಸರನ್ನು ಸೇರಿಸಿ ಬೆಲೆ ಕಟ್ಟಿದ ಹಾಗೆ. ಕೇಳಲು ಏನೂ ಉಳಿಯದೆ ಕಂಗಾಲಾದ ಓವರ್‌ಕ್ಲಾಕಿಗ ಈಗ ವೋಲ್ಟೇಜು ಇಳಿಸುವ ವಿದ್ಯೆಗೆ ಹೊರಳಿದ್ದಾನೆ. ನೋಟ್‌ಬುಕ್ಕು ಅದೇ, ಪರೀಕ್ಷೆಯ ರಾತ್ರಿಗಳೂ ಅವೇ.

ಹಳೆಯ 2500ಕೆ ಕೆಳಗಿನ ಕೋಣೆಗೆ ಇಳಿಯುತ್ತದೆ. ತಂದೆ ಅದರಲ್ಲಿ ತಿಂಗಳಿಗೊಮ್ಮೆ ಬೆಸ್ಕಾಂ ಬಿಲ್ಲು ಕಟ್ಟುತ್ತಾರೆ, 4.4 ಗಿಗಾಹರ್ಟ್ಸಿನಲ್ಲಿ. ರಾತ್ರಿ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಅವರ ಪದ್ಧತಿ. ಒಂದು ದಿನ ಆ ನಾಣ್ಯದ ಬ್ಯಾಟರಿ ಮುಗಿದು, ಬಯಾಸ್ ಎಲ್ಲವನ್ನೂ ಮರೆತು, ಪ್ರೊಸೆಸರ್ ಮತ್ತೆ 3.3ಕ್ಕೆ ಬಂದು ನಿಲ್ಲುತ್ತದೆ. ಗಡಿಯಾರ ತಪ್ಪು ತೋರಿಸುತ್ತಿದೆ ಎಂದು ತಂದೆ ಮಗನನ್ನು ಕೂಗುತ್ತಾರೆ.