ಕಡ್ಡಾಯ ಲೇಖನ ಮೀಮಾಂಸೆ

ಶಾಸ್ತ್ರಗ್ರಂಥವೊಂದು ಆರಂಭದಲ್ಲಿಯೇ ತನ್ನ ಅನುಬಂಧ ಚತುಷ್ಟಯವನ್ನು, ಅಂದರೆ ವಿಷಯ, ಅಧಿಕಾರಿ, ಸಂಬಂಧ ಮತ್ತು ಪ್ರಯೋಜನ ಎಂಬ ನಾಲ್ಕನ್ನು, ಹೇಳಿಕೊಳ್ಳಬೇಕೆಂಬುದು ಹಿಂದಿನವರ ಕಟ್ಟಳೆ. ಅರ್ಥಶಾಸ್ತ್ರದ ಪಿಎಚ್‌ಡಿ ಅಭ್ಯರ್ಥಿಯು ಬರೆಯಲೇಬೇಕಾದ ತಾಂತ್ರಿಕ ಲೇಖನವು ಈ ನಾಲ್ಕರಲ್ಲಿ ಒಂದನ್ನೂ ಹೇಳದೆ ಮುಗಿಯುವ ಸಾಮರ್ಥ್ಯವುಳ್ಳದ್ದಾದ್ದರಿಂದ, ಆ ಕೊರತೆಯನ್ನು ತುಂಬುವ ಹೊಣೆ ಈ ಪ್ರಬಂಧದ ಮೇಲೆ ಬಿದ್ದಿದೆ. ಅಧ್ಯಯನದ ವ್ಯಾಪ್ತಿಯನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳಿಗೆ ಸೀಮಿತಗೊಳಿಸಲಾಗಿದೆ. ವ್ಯಾಪ್ತಿಯನ್ನು ಎಲ್ಲಿಗಾದರೂ ಸೀಮಿತಗೊಳಿಸದ ಲೇಖನವನ್ನು ಯಾರೂ ಸ್ವೀಕರಿಸುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಒಂದನೆಯದು ವಿಷಯ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರಿಗೂ ಗೊತ್ತಾಗದಂತೆ ನಿರೂಪಿಸಲು ಒದಗುವ ನಿಮಿತ್ತವೇ ವಿಷಯ. ಹೋದ ಸಲ ಬೆಲೆ ಚೆನ್ನಾಗಿತ್ತೆಂದು ಈ ಸಲ ಎಲ್ಲರೂ ನಾಟಿ ಮಾಡಿದರು, ಅದಕ್ಕೇ ಬೆಲೆ ಬಿದ್ದುಹೋಯಿತು ಎಂದು ಚಿಂತಾಮಣಿಯ ಟೊಮೆಟೊ ಬೆಳೆಗಾರನು ಒಂದೇ ಉಸಿರಿನಲ್ಲಿ ಹೇಳಿ ಖಾಲಿ ಬಾಕ್ಸುಗಳನ್ನು ಗಾಡಿಗೆ ಹೇರುತ್ತಾನೆ. ಇದನ್ನೇ ಅಮೆರಿಕದ ಅರ್ಥಶಾಸ್ತ್ರಜ್ಞ ಮೊರ್ಡೆಕಾಯ್ ಎಜಿಕಿಯೆಲ್ 1938ರಲ್ಲಿ ಜೇಡರಬಲೆ ಪ್ರಮೇಯವೆಂದು ವಿವರಿಸಿದರು. ಬೆಲೆಯೂ ಉತ್ಪಾದನೆಯೂ ಒಂದನ್ನೊಂದು ಬೆನ್ನಟ್ಟುವ ರೇಖೆಗಳು ನಕ್ಷೆಯಲ್ಲಿ ಹಾಗೆ ಕಾಣುವುದರಿಂದ ಆ ಹೆಸರು. ಬೆಳೆಗಾರನ ಮಾತಿನಲ್ಲಿ ನಕ್ಷೆಯಿಲ್ಲದ್ದರಿಂದ ಅದು ಅನುಭವ, ಎಜಿಕಿಯೆಲ್ಲರ ಮಾತಿನಲ್ಲಿ ನಕ್ಷೆಯಿರುವುದರಿಂದ ಅದು ಸಿದ್ಧಾಂತ, ಅಭ್ಯರ್ಥಿಯ ಮಾತಿನಲ್ಲಿ ನಕ್ಷೆಯೂ ಗ್ರೀಕ್ ಅಕ್ಷರಗಳೂ ಇದ್ದು ಟೊಮೆಟೊ ಮಾತ್ರ ಇಲ್ಲದಿರುವುದರಿಂದ ಅದು ತಾಂತ್ರಿಕ ಲೇಖನ.

ಎರಡನೆಯದು ಅಧಿಕಾರಿ, ಅಂದರೆ ಶಾಸ್ತ್ರಕ್ಕೆ ಅರ್ಹನಾದವನು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲಿ ಇಡೀ ಪುಸ್ತಕವನ್ನೇ ಹೊರತಂದರಾದರೂ, ಕೋರ್ಸ್‌ವರ್ಕ್ ಮುಗಿಸದ ಎಂಜಿನಿಯರ್ ಆಗಿದ್ದುದರಿಂದ ಇಲ್ಲಿ ಅಧಿಕಾರಿ ಎನಿಸಲಾರರು. ನಿಜವಾದ ಅಧಿಕಾರಿಯು ರೇಷ್ಮೆ ಹುಳುವಿನಂತೆ ನಾಲ್ಕು ಜ್ವರಗಳನ್ನು ದಾಟಿರಬೇಕು. ಹುಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ನಿಂತು ಪೊರೆ ಕಳಚುವ ಅವಸ್ಥೆಯನ್ನು ರೇಷ್ಮೆ ಬೆಳೆಗಾರರು ಜ್ವರವೆನ್ನುತ್ತಾರೆ. ವಿಷಯದ ಆಯ್ಕೆಯಲ್ಲಿ ಅಭ್ಯರ್ಥಿಗೆ ಮೊದಲ ಜ್ವರ. ತಾನು ಓದದ ಗ್ರಂಥಗಳನ್ನು ಓದಿದವರ ಅಡಿಟಿಪ್ಪಣಿಯಿಂದ ಎತ್ತಿಕೊಳ್ಳುವ ಸಾಹಿತ್ಯ ಸಮೀಕ್ಷೆಯಲ್ಲಿ ಎರಡನೆಯದು. ಅಂಕಿಅಂಶಕ್ಕಾಗಿ ಕಚೇರಿಗಳ ಬಾಗಿಲಲ್ಲಿ ಕಾಯುವಾಗ ಮೂರನೆಯದು. ಎಲ್ಲವೂ ಮುಗಿದ ಮೇಲೆ ಮಾರ್ಗದರ್ಶಕರು ಶೀರ್ಷಿಕೆ ಬದಲಿಸಲು ಹೇಳಿದಾಗ ನಾಲ್ಕನೆಯದು. ವ್ಯತ್ಯಾಸವೆಂದರೆ, ನಾಲ್ಕೂ ಜ್ವರ ಕಳೆದು ಹಣ್ಣಾಗಲು ಹುಳುವಿಗೆ ಹೆಚ್ಚುಕಡಿಮೆ 25 ದಿನ ಸಾಕು.

ಮೂರನೆಯದು ಸಂಬಂಧ. ಬೆಲೆಯು ಆವಕವನ್ನೂ ಆವಕವು ಬೆಲೆಯನ್ನೂ ಬದಲಿಸುವಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂದು ಬಿಡಿಸಲು ಸಾಧನ ಚರವೆಂಬ ಉಪಾಯವುಂಟು. ಆವಕವನ್ನು ಏರಿಳಿಸುವ, ಆದರೆ ಬೆಲೆಯನ್ನು ಬೇರೆ ಯಾವ ದಾರಿಯಿಂದಲೂ ಮುಟ್ಟದ ಮೂರನೆಯ ಸಂಗತಿಯೇ ಸಾಧನ ಚರ. ಪಠ್ಯಪುಸ್ತಕಗಳು ಇದಕ್ಕೆ ಮಳೆಯನ್ನು ಸೂಚಿಸುವುದರಿಂದ ಅಭ್ಯರ್ಥಿಯೂ ಮಳೆಯನ್ನೇ ಹಿಡಿಯುತ್ತಾನೆ. ಆದರೆ ವರ್ಷವಿಡೀ ಹರಿಯುವ ನದಿಯಿಲ್ಲದೆ, ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಉಣಿಸಿ ಟೊಮೆಟೊ ಬೆಳೆಯುವ ಈ ಸೀಮೆಯಲ್ಲಿ ಈ ವರ್ಷದ ಮಳೆಗೂ ಈ ವರ್ಷದ ಬೆಳೆಗೂ ಮಾತುಕತೆ ಕಡಿಮೆ. ಸಾಧನಕ್ಕೂ ಆವಕಕ್ಕೂ ಇರುವ ನಂಟಿನ ಬಲವನ್ನು ಅಳೆಯುವ ಎಫ್ ಎಂಬ ಅಂಕಿಯು 10ಕ್ಕಿಂತ ಕೆಳಗಿದ್ದರೆ ಸಾಧನವು ದುರ್ಬಲವೆಂಬುದು ರೂಢಿಯ ಅಳತೆಗೋಲು. ಹಾಗಾದಾಗ ಅಭ್ಯರ್ಥಿಯು ಹೊಲಕ್ಕೆ ಹೋಗುವ ಬದಲು ಮಾದರಿಯನ್ನು ಬದಲಿಸುತ್ತಾನೆ; ಪಿ-ಮೌಲ್ಯವು, ಅಂದರೆ ಇಲ್ಲದ ಸಂಬಂಧವು ಬರಿಯ ಆಕಸ್ಮಿಕದಿಂದ ಇಷ್ಟು ಗಟ್ಟಿಯಾಗಿ ಕಾಣುವ ಸಂಭವವು, 0.05ಕ್ಕಿಂತ ಕೆಳಗಿಳಿದು ಅಂಕಿಯ ಪಕ್ಕ ನಕ್ಷತ್ರ ಮೂಡುವ ತನಕ ಬದಲಿಸುತ್ತಲೇ ಇರುತ್ತಾನೆ. ದೂರದೇಶದ ಅಣುಸ್ಫೋಟದ ಕಂಪನವನ್ನು ಹಿನ್ನೆಲೆಯ ಗದ್ದಲದಿಂದ ಬೇರ್ಪಡಿಸಲು ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಭೂಕಂಪ ಮಾಪನ ಕೇಂದ್ರವನ್ನೇ ಸ್ಥಾಪಿಸಬೇಕಾಯಿತು. ಗದ್ದಲದಿಂದಲೇ ಸ್ಫೋಟವನ್ನು ತಯಾರಿಸುವುದಕ್ಕೆ ಒಂದು ಲ್ಯಾಪ್‌ಟಾಪ್ ಸಾಕು.

ನಾಲ್ಕನೆಯದು ಪ್ರಯೋಜನ. ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಲೇಬೇಕೆಂದು ಯುಜಿಸಿಯು 2009ರಲ್ಲಿ ವಿಧಿಸಿತು, 2016ರಲ್ಲಿ ಅದರೊಡನೆ ವಿಚಾರ ಸಂಕಿರಣಗಳಲ್ಲಿ ಎರಡು ಮಂಡನೆಗಳನ್ನೂ ಸೇರಿಸಿತು, 2022ರಲ್ಲಿ ಈ ಕಡ್ಡಾಯವನ್ನು ಕೈಬಿಟ್ಟಿತು. ಕಡ್ಡಾಯ ಹೋದರೂ ಲೇಖನ ಹೋಗಲಿಲ್ಲ. ಏಕೆಂದರೆ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಆರಿಸುವಾಗ ಪ್ರತಿ ಲೇಖನಕ್ಕೆ 2ರಂತೆ 10 ಅಂಕಗಳವರೆಗೆ ಕೊಡಬೇಕೆಂದು 2018ರ ನಿಯಮಾವಳಿ ಗೊತ್ತುಪಡಿಸಿತ್ತು. ಟೊಮೆಟೊ ಹೆಚ್ಚು ಬಂದರೆ ಬೆಲೆ ಕುಸಿಯುತ್ತದೆ, ಲೇಖನ ಎಷ್ಟು ಬಂದರೂ 10 ಅಂಕ ತುಂಬುವ ತನಕ ಒಂದೊಂದರ ಬೆಲೆ 2 ಅಂಕವೇ. ಟೊಮೆಟೊಗೆ ಸಿಗದ ಬೆಂಬಲ ಬೆಲೆ ಲೇಖನಕ್ಕೆ ಸಿಕ್ಕಿದೆ.

ಉಳಿದದ್ದು ಗುಣಮಟ್ಟದ ಪ್ರಶ್ನೆ. ಸರಕಿನ ದೋಷ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿರದ ಸ್ಥಿತಿಯನ್ನು ಮಾಹಿತಿಯ ಅಸಮತೆ ಎನ್ನುತ್ತಾರೆ. ಇದರ ಬಗ್ಗೆ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ಬರೆದ ಲೇಖನವನ್ನು ಮೂರು ಪತ್ರಿಕೆಗಳು ತಿರಸ್ಕರಿಸಿ, ನಾಲ್ಕನೆಯದು 1970ರಲ್ಲಿ ಪ್ರಕಟಿಸಿತು. 2001ರಲ್ಲಿ ಅವರಿಗೆ ನೊಬೆಲ್ ಬಂದಿತು. ಆ ಲೇಖನವನ್ನು ಓದದ ಶಿಡ್ಲಘಟ್ಟದ ರೀಲರ್, ಅಂದರೆ ಗೂಡಿನಿಂದ ನೂಲು ಬಿಚ್ಚಿಸುವವನು, ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವ ಮೊದಲು ರಾಶಿಯ ತಳಕ್ಕೆ ಕೈ ಹಾಕಿ, ಒಂದೆರಡು ಗೂಡುಗಳನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾನೆ. ಲೆಕ್ಕ ತಪ್ಪಿದರೆ ಹೋಗುವುದು ಅವನದೇ ಹಣ. ಲೇಖನದ ಪರಿಶೀಲಕನಿಗೆ ಹೋಗುವಂಥದ್ದು ಏನೂ ಇಲ್ಲ. ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲವೆಂದು 2018ರ ಕೃತಿಚೌರ್ಯ ನಿಯಮವೂ ಹೇಳುವುದರಿಂದ, ಸಾಫ್ಟ್‌ವೇರ್ ಒಪ್ಪಿದ ರಾಶಿಯ ತಳವನ್ನು ಅವನು ಮುಟ್ಟುವುದಿಲ್ಲ.

ತಾಂತ್ರಿಕ ಲೇಖನವು ನೀತಿ ಶಿಫಾರಸಿನಿಂದಲೇ ಮುಗಿಯಬೇಕೆಂಬ ಸಂಪ್ರದಾಯಕ್ಕೆ ತಲೆಬಾಗಿ ಇಲ್ಲಿಯೂ ಒಂದನ್ನು ಮಾಡಲಾಗಿದೆ: ಪ್ರತಿಯೊಂದು ಪರಿಶೀಲಕ ಮಂಡಳಿಗೂ ಶಿಡ್ಲಘಟ್ಟದ ಒಬ್ಬ ರೀಲರ್‌ನನ್ನು ನೇಮಿಸತಕ್ಕದ್ದು, ಮತ್ತು ತಪ್ಪಾಗಿ ಒಪ್ಪಿದ ಪ್ರತಿ ಲೇಖನಕ್ಕೆ 2 ಅಂಕಗಳನ್ನು ಪರಿಶೀಲಕರ ಖಾತೆಯಿಂದಲೇ ಕಳೆಯತಕ್ಕದ್ದು. ಇದು ಜಾರಿಗೆ ಬಂದರೆ ಲೇಖನಗಳ ಆವಕ ಇಳಿಯುವುದೆಂಬುದಕ್ಕೆ ಯಾವ ಮಾದರಿಯ ಪುರಾವೆಯೂ ಬೇಕಾಗಿಲ್ಲ.