ಅರ್ಧ ಅಂದರೆ ಫೆಬ್ರವರಿ ಒಂದು

ಕಂಪ್ಯೂಟರ್ ತರಬೇತಿಯಲ್ಲಿ ಎರಡು ದಿನ ಉಪ್ಪಿಟ್ಟು ತಿಂದು ಬಂದವನು ನಾನು. ಆ ಉಪ್ಪಿಟ್ಟಿನ ಬಲದಿಂದಲೇ 2025ರ ಫೆಬ್ರವರಿಯಲ್ಲಿ, ಐದನೇ ಕ್ಲಾಸಿಗೆ ಭಿನ್ನರಾಶಿಯನ್ನು ಎಕ್ಸೆಲ್‌ನಲ್ಲೇ ಕಲಿಸುತ್ತೇನೆಂದು ಸ್ಟಾಫ್ ರೂಮಿನಲ್ಲಿ ಘೋಷಿಸಿಬಿಟ್ಟೆ. ಹೆಡ್‌ಮಾಸ್ಟರು, "ಬೋರ್ಡ್ ಒರೆಸಿಟ್ಟಿರಿ ಮೇಷ್ಟ್ರೇ, ಬೇಕಾಗ್ಬಹುದು" ಅಂದರು. ಹೊಟ್ಟೆಕಿಚ್ಚು ಅಂದುಕೊಂಡೆ.

ಗೋಡೆಯ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿದೆ. "ನೋಡ್ರೋ, ಇದು ಅರ್ಧ" ಎನ್ನುತ್ತ 1/2 ಒತ್ತಿ ಎಂಟರ್ ಹೊಡೆದೆ. ಮೂಡಿದ್ದು 01-ಫೆಬ್. ಬೆರಳು ಜಾರಿತೇನೋ ಎಂದು ಕೆಳಗಿನ ಮನೆಯಲ್ಲಿ 1/4 ಒತ್ತಿದೆ. 01-ಏಪ್ರಿಲ್. ಮೂರ್ಖರ ದಿನ! ಯಂತ್ರ ಇಷ್ಟು ಬೇಗ ನನ್ನ ಗುರುತು ಹಿಡಿಯುತ್ತದೆಂದು ಎಣಿಸಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಯಾವ ಗ್ರಹಚಾರವೋ, ಎರಡನ್ನೂ ಕೂಡಿಸಿದೆ. ಮುಕ್ಕಾಲು ಬರಬೇಕಾದ ಜಾಗದಲ್ಲಿ 05-ಮೇ ಕೂತಿತ್ತು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಸಾರ್, ಮೇ ಐದಕ್ಕೆ ಬೇಸಿಗೆ ರಜೆ. ಆ ಲೆಕ್ಕ ನಾವು ಮಾಡ್ಬೇಕಾ?"

ಆಮೇಲೆ ಗೊತ್ತಾಯಿತು: ಎಕ್ಸೆಲ್‌ಗೆ ತಾರೀಕು ಎಂದರೆ 1900ರ ಜನವರಿ 1ರಿಂದ ಎಣಿಸಿಕೊಂಡು ಬಂದ ದಿನಗಳು. ಆ ಲೆಕ್ಕದಲ್ಲಿ ನನ್ನ ಅರ್ಧದ ಬೆಲೆ 45,689, ಕಾಲಿನ ಬೆಲೆ 45,748. ಅಂದರೆ ಅರ್ಧಕ್ಕಿಂತ ಕಾಲೇ ದೊಡ್ಡದು! ಕೂಡಿ ಬಂದ ಮೇ 5 ಕೂಡ ಆ ವರ್ಷದ್ದಲ್ಲ, 2150ನೇ ಇಸವಿಯದು. ಅಷ್ಟು ಹೊತ್ತಿಗೆ ನನ್ನ ಪಿಂಚಣಿಯೂ ಮುಗಿದಿರುತ್ತದೆ.

ಮಾನ ಉಳಿಸಿಕೊಳ್ಳಲು ಮಾರನೇ ದಿನ ಇನ್ನೊಂದು ಶೀಟ್ ತೆರೆದೆ. ಬಿಸಿಯೂಟದ ಜೊತೆ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು, ಯಾರಿಗೆ ಚಿಕ್ಕಿ ಎಂಬ ಪಟ್ಟಿ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೊರಟಾಗ ಯಂತ್ರ ಏನೋ ಇಂಗ್ಲಿಷಿನಲ್ಲಿ ಕೇಳಿತು, ಓದದೆ ಬೇಡ ಅಂದುಬಿಟ್ಟೆ. ಪಕ್ಕದ ಕಾಲಮ್ಮನ್ನೂ ಜೊತೆಗೆ ಕರೆದುಕೊಳ್ಳಲೇ ಎಂದು ಅದು ಕೇಳಿತ್ತಂತೆ. ಹೆಸರುಗಳು ಮಾತ್ರ ಎದ್ದು ಜಾಗ ಬದಲಿಸಿದವು. ಮೊಟ್ಟೆ, ಚಿಕ್ಕಿಗಳು ಕೂತಲ್ಲೇ ಕೂತವು. ಮಧ್ಯಾಹ್ನ, ಮೊಟ್ಟೆ ಕಂಡರೆ ಮೂಗು ಮುಚ್ಚುವ ಹುಡುಗನ ತಟ್ಟೆಗೆ ಮೊಟ್ಟೆ ಬಿತ್ತು. ಅಡುಗೆಯಮ್ಮ, "ಮೇಷ್ಟ್ರು ಬರ್ದಿದ್ದು ಕಣಪ್ಪ, ನಾನೇನ್ಮಾಡ್ಲಿ" ಎಂದು ಸೌಟನ್ನು ನನ್ನತ್ತ ತೋರಿಸಿದರು.

ನನಗಿದ್ದ ಸಮಾಧಾನ ಒಂದೇ. ವಿಜ್ಞಾನಿಗಳು ಒತ್ತಿದ 'ಮಾರ್ಚ್1' ಎಂಬ ಜೀನಿನ ಹೆಸರನ್ನು ಕೂಡ ಎಕ್ಸೆಲ್ ಮಹಾಶಯ ತಾರೀಕು ಮಾಡಿಬಿಡುತ್ತಿದ್ದ. ಕೊನೆಗೆ ಸೋತವರು ವಿಜ್ಞಾನಿಗಳೇ. 2020ರ ನಾಮಕರಣ ನಿಯಮಗಳಲ್ಲಿ ಅಂಥ ಜೀನುಗಳ ಹೆಸರನ್ನೇ ಬದಲಿಸಿಕೊಂಡರು. ನಾನು ಅರ್ಧಕ್ಕೆ ಬೇರೆ ಹೆಸರಿಡಲು ಹೋದರೆ ಇಲಾಖೆ ಒಪ್ಪೀತೇ?

ಉಪಾಯವೇನೋ ಸಿಕ್ಕಿತು. ಮೊದಲು ಸೊನ್ನೆ, ಆಮೇಲೆ ಒಂದು ಖಾಲಿ ಜಾಗ, ಅದರ ಮುಂದೆ 3/4 ಎಂದು ಒತ್ತಿದರೆ ಯಂತ್ರ ತೆಪ್ಪಗೆ ಮುಕ್ಕಾಲು ಎಂದು ಒಪ್ಪಿಕೊಳ್ಳುತ್ತದೆ. ಆದರೆ ಮಕ್ಕಳಿಗೆ ಮೊದಲಿನ ಪಾಠವೇ ನೆನಪಿತ್ತು.

ಮಾರ್ಚ್ ಕೊನೆಗೆ ಅದೇ ಹುಡುಗಿ ರಜಾ ಚೀಟಿಯ ಜೊತೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನೂ ಕೈಗಿಟ್ಟಳು. "ಮುಕ್ಕಾಲನೇ ತಾರೀಕು ನಮ್ಮಕ್ಕನ ಮದುವೆ ಸಾರ್. ನೀವೂ ಬರ್ಬೇಕು."

ಪತ್ರಿಕೆ ಬಿಚ್ಚಿ ನೋಡಿದೆ. ಏಪ್ರಿಲ್ 3, ಗುರುವಾರ.